ಎಂಜಿನ್‌ಎಕ್ಸ್: ಎಪಿಟಿ ಪ್ಯಾಕೇಜ್ ಸಾಕಾ, ಸೋರ್ಸ್‌ನಿಂದ ಕಂಪೈಲ್ ಮಾಡಲೇಬೇಕಾ?

ಹೊಸಸರ್ವರ್:

ನಮಸ್ಕಾರ. ಮೊದಲು ಸರ್ವರ್ ವಿವರ: ಉಬುಂಟು 24.04, 1 ಜಿಬಿ ರ‍್ಯಾಮ್, ಒಂದೇ ಕೋರ್‌ನ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್). ವೆಬ್ ಸರ್ವರ್ ಎಂಜಿನ್‌ಎಕ್ಸ್, ಪಿಎಚ್‌ಪಿ ಓಡಿಸಲು ಪಿಎಚ್‌ಪಿ-ಎಫ್‌ಪಿಎಂ 8.3, ಮೇಲೆ ವರ್ಡ್‌ಪ್ರೆಸ್. ಪುಟಗಳೆಲ್ಲ ಕನ್ನಡದವು, ಚಿತ್ರ ಕಡಿಮೆ, ಬರಹ ಜಾಸ್ತಿ.

ಉಬುಂಟುವಿನ ಪ್ಯಾಕೇಜ್ ಸಾಧನ ಎಪಿಟಿ ಕೊಟ್ಟಿರುವುದು ಎಂಜಿನ್‌ಎಕ್ಸ್ 1.24.0. ನನಗೆ ಬ್ರಾಟ್ಲಿ ಕಂಪ್ರೆಷನ್ (ಪುಟಗಳನ್ನು ಕುಗ್ಗಿಸಿ ಕಳಿಸುವ ವಿಧಾನ) ಬೇಕು, ಸಾಧ್ಯವಾದರೆ ಎಚ್‌ಟಿಟಿಪಿ/3 (ವೆಬ್ ಪ್ರೊಟೊಕಾಲ್‌ನ ಹೊಸ ಆವೃತ್ತಿ) ಕೂಡ. ನೆಟ್‌ನಲ್ಲಿ ಸಿಗುವ ಟ್ಯುಟೋರಿಯಲ್‌ಗಳಲ್ಲಿ ಹೆಚ್ಚಿನವು "ಪ್ಯಾಕೇಜ್ ಕಿತ್ತುಹಾಕಿ, ಸೋರ್ಸ್ (ಮೂಲ ಕೋಡ್) ಇಳಿಸಿ ಕಂಪೈಲ್ ಮಾಡಿ (ಓಡುವ ಬೈನರಿ ಕಟ್ಟಿಕೊಳ್ಳಿ), ವೇಗವೂ ಹೆಚ್ಚುತ್ತದೆ" ಎನ್ನುತ್ತವೆ. ಕೇಳಬೇಕಾದದ್ದು ಮೂರು. ಕಂಪೈಲ್ ಮಾಡಿದರೆ ನಿಜಕ್ಕೂ ವೇಗ ಸಿಗುತ್ತದಾ? ಈ ಎರಡು ಸೌಲಭ್ಯಕ್ಕೆ ಕಂಪೈಲ್ ಅನಿವಾರ್ಯವಾ? 1 ಜಿಬಿ ರ‍್ಯಾಮ್‌ನಲ್ಲಿ ಅದು ಮುಗಿಯುತ್ತದಾ?

ಡೀಮನ್_ದಾರಿ:

ಬ್ರಾಟ್ಲಿಗಾಗಿ ಇಡೀ ಎಂಜಿನ್‌ಎಕ್ಸ್ ಕಂಪೈಲ್ ಮಾಡುವುದು ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. 24.04ರ ಯೂನಿವರ್ಸ್ ವಿಭಾಗದಲ್ಲೇ ಮಾಡ್ಯೂಲ್ (ಎಂಜಿನ್‌ಎಕ್ಸ್‌ಗೆ ಸೇರಿಸುವ ಭಾಗ) ಇದೆ:

ಸುಡೊ ಎಪಿಟಿ ಇನ್‌ಸ್ಟಾಲ್ ಲಿಬ್‌ಎಂಜಿನ್‌ಎಕ್ಸ್-ಮಾಡ್-ಎಚ್‌ಟಿಟಿಪಿ-ಬ್ರಾಟ್ಲಿ-ಫಿಲ್ಟರ್

ಇದೇ ಹೆಸರಿನ ಕೊನೆಯಲ್ಲಿ 'ಸ್ಟ್ಯಾಟಿಕ್' ಅಂತ ಇರುವ ಇನ್ನೊಂದು ಪ್ಯಾಕೇಜ್ ಕೂಡ ಹಾಕಿಕೊಳ್ಳಿ. ಮಾಡ್ಯೂಲ್ಸ್-ಎನೇಬಲ್ಡ್ ಫೋಲ್ಡರಿಗೆ ಕೊಂಡಿ ತಾನಾಗಿಯೇ ಬೀಳುತ್ತದೆ. ಆಮೇಲೆ ಕಾನ್ಫ್.ಡಿ ಫೋಲ್ಡರಿನಲ್ಲಿ ಒಂದು ಸಣ್ಣ ಫೈಲ್ ಮಾಡಿ 'ಬ್ರಾಟ್ಲಿ ಆನ್', 'ಬ್ರಾಟ್ಲಿ_ಸ್ಟ್ಯಾಟಿಕ್ ಆನ್', ಕಂಪ್ರೆಷನ್ ಮಟ್ಟ 4 ಅಥವಾ 5, ಜೊತೆಗೆ ಟೈಪ್‌ಗಳ ಪಟ್ಟಿ ಕೊಡಿ. ಪಟ್ಟಿ ಕೊಡದಿದ್ದರೆ ಎಚ್‌ಟಿಎಂಎಲ್ ಮಾತ್ರ ಕುಗ್ಗುತ್ತದೆ, ಸಿಎಸ್‌ಎಸ್ ಮತ್ತು ಜಾವಾಸ್ಕ್ರಿಪ್ಟ್ ಇದ್ದ ಹಾಗೇ ಹೋಗುತ್ತವೆ. "ಬ್ರಾಟ್ಲಿ ಹಾಕಿದೆ, ವ್ಯತ್ಯಾಸವೇ ಇಲ್ಲ" ಎನ್ನುವವರಲ್ಲಿ ಅರ್ಧ ಜನ ಮರೆತಿರುವುದು ಇದನ್ನೇ. ಮಟ್ಟ 11ನ್ನು ಪ್ರತಿ ವಿನಂತಿಗೆ ಇಟ್ಟರೆ ನಿಮ್ಮ ಒಂದೇ ಕೋರ್ ಉಸಿರು ಬಿಡುವುದಿಲ್ಲ. ಬದಲಾಗದ ಫೈಲ್‌ಗಳನ್ನು ಮೊದಲೇ ಬ್ರಾಟ್ಲಿ ಕಮಾಂಡಿನಿಂದ ಮಟ್ಟ 11ರಲ್ಲಿ ಕುಗ್ಗಿಸಿ ಪಕ್ಕದಲ್ಲೇ .ಬಿಆರ್ ಫೈಲ್ ಇಡಿ, ಸ್ಟ್ಯಾಟಿಕ್ ಮಾಡ್ಯೂಲ್ ಅದನ್ನೇ ಎತ್ತಿ ಕೊಡುತ್ತದೆ. ಹಳೆಯ ಕಂಪ್ರೆಷನ್ ಆದ ಜಿಜಿಪ್ ಆಫ್ ಮಾಡಬೇಡಿ, ಬ್ರಾಟ್ಲಿ ಗೊತ್ತಿಲ್ಲದ ಬ್ರೌಸರ್‌ಗಳಿಗೆ ಅದು ಇರಲಿ. ಬ್ರೌಸರ್‌ಗಳು ಬ್ರಾಟ್ಲಿ ಕೇಳುವುದು ಎಚ್‌ಟಿಟಿಪಿಎಸ್ ಮೇಲೆ ಮಾತ್ರ, ಹಾಗಾಗಿ ಪರೀಕ್ಷೆಯನ್ನೂ ಅಲ್ಲೇ ಮಾಡಿ.

ಅಂದ ಹಾಗೆ, ನಿಮ್ಮದು ಕನ್ನಡ ತಾಣವಾದ್ದರಿಂದ ಕಂಪ್ರೆಷನ್‌ನ ಲಾಭ ಕಣ್ಣಿಗೆ ಕಾಣುವಷ್ಟಿರುತ್ತದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. 'ಕ್ಷಿ' ನೋಡಲು ಒಂದೇ ಅಕ್ಷರ, ಒಳಗೆ ಕ, ಅರ್ಧಚಿಹ್ನೆ, ಷ, ಗುಡಿಸು ಸೇರಿ 12 ಬೈಟ್. ಆದರೆ ಪ್ರತಿ ಮೂರರಲ್ಲಿ ಮೊದಲ ಎರಡು ಬೈಟ್ ಇ0 ಬಿ2 ಅಥವಾ ಇ0 ಬಿ3 ಮಾತ್ರ. ಅದೇ ಜೋಡಿ ಸಾವಿರಾರು ಸಲ ಬರುವುದರಿಂದ ಜಿಜಿಪ್ ಕೂಡ ಚೆನ್ನಾಗಿ ಹಿಂಡುತ್ತದೆ, ಬ್ರಾಟ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು.

ಇನ್ನು ವೇಗದ ಮಾತು. ಸೋರ್ಸ್ ಬಿಚ್ಚಿ, ಯಾವ ಆಯ್ಕೆಯನ್ನೂ ಕೊಡದೆ ಕಾನ್ಫಿಗರ್ ಓಡಿಸಿ, ಆಮೇಲೆ ಆಬ್ಜ್ಸ್ ಫೋಲ್ಡರಿನ ಮೇಕ್‌ಫೈಲ್ ತೆರೆದು ಸಿಫ್ಲಾಗ್ಸ್ ಸಾಲು ನೋಡಿ. ಅಲ್ಲಿ ಇರುವುದು -ಓ, ಅಂದರೆ ಆಪ್ಟಿಮೈಸೇಷನ್‌ನ ಮೊದಲ ಮೆಟ್ಟಿಲು. ಉಬುಂಟು, ಡೆಬಿಯನ್ ಪ್ಯಾಕೇಜ್‌ಗಳು ಕಟ್ಟಿರುವುದು -ಓ2ರಲ್ಲಿ, ಜೊತೆಗೆ ಸ್ಟ್ಯಾಕ್ ಪ್ರೊಟೆಕ್ಟರ್, ಫೋರ್ಟಿಫೈ ತರಹದ ರಕ್ಷಣೆಗಳೂ ಇವೆ. ಟ್ಯುಟೋರಿಯಲ್ ನೋಡಿ ಮೂರು ಸಾಲು ಹೊಡೆದವರಿಗೆ ಸಿಗುವುದು ಪ್ಯಾಕೇಜ್‌ಗಿಂತ ಕಡಿಮೆ ಆಪ್ಟಿಮೈಸ್ ಆದ, ಕಡಿಮೆ ರಕ್ಷಣೆಯ ಬೈನರಿ. ಥ್ರೆಡ್ ಪೂಲ್, ಪಿಸಿಆರ್‌ಇ (ರೆಗ್ಯುಲರ್ ಎಕ್ಸ್‌ಪ್ರೆಷನ್ ಗ್ರಂಥಾಲಯ) ಜಿಟ್ ಕೂಡ ಕೇಳಿದರೆ ಮಾತ್ರ ಬರುತ್ತವೆ. ಅದೆಲ್ಲ ಸರಿ ಮಾಡಿಕೊಂಡರೂ ವರ್ಡ್‌ಪ್ರೆಸ್ ಪುಟದ ಸಮಯವನ್ನು ತಿನ್ನುವುದು ಪಿಎಚ್‌ಪಿ ಮತ್ತು ಡೇಟಾಬೇಸ್, ಎಂಜಿನ್‌ಎಕ್ಸ್ ಅಲ್ಲ. ಪಿಎಚ್‌ಪಿ ಕೊಟ್ಟ ಪುಟವನ್ನು ಎತ್ತಿಟ್ಟು ಮತ್ತೆ ಕೊಡುವ ಫಾಸ್ಟ್‌ಸಿಜಿಐ ಕ್ಯಾಶ್ ಹಾಕಿ, ಅಲ್ಲಿದೆ ವೇಗ.

ರ‍್ಯಾಮ್ ಚಿಂತೆ ಬೇಡ. ಎಂಜಿನ್‌ಎಕ್ಸ್ ಪೂರ್ತಿ ಸಿ ಭಾಷೆಯದು, ಒಂದೊಂದು ಫೈಲೂ ಚಿಕ್ಕದು, 1 ಜಿಬಿಯಲ್ಲಿ ಆರಾಮಾಗಿ ಮುಗಿಯುತ್ತದೆ. ಸಿಕ್ಕಿಹಾಕಿಕೊಳ್ಳುವುದು ಮಾಡ್‌ಸೆಕ್ಯುರಿಟಿ ತರಹದ ಸಿ++ ಗ್ರಂಥಾಲಯಗಳನ್ನು ಜೊತೆಗೆ ಕಟ್ಟುವಾಗ. ಕಂಪೈಲರ್ ನಡುವೆ 'ಕಿಲ್ಡ್' ಎಂದು ಸತ್ತರೆ ಅದು ಕೋಡಿನ ತಪ್ಪಲ್ಲ, ಮೆಮೊರಿ ಸಾಲದೆ ಕರ್ನಲ್ ಕೊಂದದ್ದು. 2 ಜಿಬಿ ಸ್ವಾಪ್ ಫೈಲ್ ಮಾಡಿ, ಮೇಕ್‌ಗೆ ಸಮಾನಾಂತರ ಕೆಲಸ ಕೊಡದೆ ಓಡಿಸಿ.

ಪೋರ್ಟ್443:

ಮೇಲಿನದು ಬ್ರಾಟ್ಲಿಗೆ ಸರಿ. ಎಚ್‌ಟಿಟಿಪಿ/3 ಬೇರೆ ಕಥೆ. ಅದು ಎಂಜಿನ್‌ಎಕ್ಸ್‌ಗೆ ಬಂದದ್ದು 2023ರ 1.25.0ರಲ್ಲಿ, 1.24.0ರಲ್ಲಿ ಇಲ್ಲವೇ ಇಲ್ಲ. ಆದರೂ ಕಂಪೈಲ್ ಬೇಡ: ಎಂಜಿನ್‌ಎಕ್ಸ್‌ನವರೇ ನಡೆಸುವ ಅಧಿಕೃತ ರೆಪೊ (ಪ್ಯಾಕೇಜ್ ಭಂಡಾರ) ಇದೆ, ಅದರ ಬೈನರಿಗಳಲ್ಲಿ 1.25.0ರಿಂದಲೇ ಎಚ್‌ಟಿಟಿಪಿ/3 ಮಾಡ್ಯೂಲ್ ಸೇರಿದೆ. ಸ್ಟೇಬಲ್, ಮೇನ್‌ಲೈನ್ ಎಂಬ ಎರಡು ಕವಲುಗಳಿವೆ, ನಿಮಗೆ ಸ್ಟೇಬಲ್ ಸಾಕು.

ಅವರ ಸಹಿ ಕೀಯನ್ನು /ಯುಎಸ್‌ಆರ್/ಶೇರ್/ಕೀರಿಂಗ್ಸ್ ಒಳಗೆ ಇಟ್ಟು, ಸೋರ್ಸಸ್.ಲಿಸ್ಟ್.ಡಿ ಫೈಲಿನಲ್ಲಿ 'ಸೈನ್ಡ್-ಬೈ' ಎಂದು ಅದನ್ನೇ ತೋರಿಸಿ. ಪ್ರಿಫರೆನ್ಸಸ್.ಡಿಯಲ್ಲಿ ಆ ರೆಪೊಗೆ ಪಿನ್ ಆದ್ಯತೆ 900 ಕೊಡಿ. ಆಮೇಲೆ 'ಎಪಿಟಿ-ಕ್ಯಾಶ್ ಪಾಲಿಸಿ ಎಂಜಿನ್‌ಎಕ್ಸ್' ಹೊಡೆದು ಕ್ಯಾಂಡಿಡೇಟ್ ಎಲ್ಲಿಂದ ಬರುತ್ತಿದೆ ನೋಡಿಕೊಂಡೇ ಇನ್‌ಸ್ಟಾಲ್ ಮಾಡಿ. 2024ಕ್ಕಿಂತ ಹಳೆಯ ಬರಹ ನೋಡಿ ಎಲ್ಲಿಂದಲೋ ಕೀ ನಕಲು ಮಾಡಬೇಡಿ. ಆ ವರ್ಷ ಹಳೆಯ ಕೀಯ ಅವಧಿ ವಿಸ್ತರಿಸಿ ಹೊಸ ಕೀಗಳನ್ನೂ ಸೇರಿಸಿದರು. ಹಳೆಯ ಪ್ರತಿ ಇದ್ದರೆ ಎಪಿಟಿ ಅಪ್‌ಡೇಟ್ 'ಕೀ ಅವಧಿ ಮೀರಿದೆ' ಎಂದು ತಕರಾರು ತೆಗೆಯುತ್ತದೆ.

ನಿಜವಾದ ತಲೆನೋವು ಉಬುಂಟು ಪ್ಯಾಕೇಜ್‌ನಿಂದ ಇದಕ್ಕೆ ಜಿಗಿಯುವಾಗ. ಎರಡೂ ಎಂಜಿನ್‌ಎಕ್ಸೇ, ಆದರೆ ಮನೆಯ ವಾಸ್ತು ಬೇರೆ. ಮೊದಲು /ಇಟಿಸಿ/ಎಂಜಿನ್‌ಎಕ್ಸ್ ಪೂರ್ತಿ ಟಾರ್ ಮಾಡಿ (ಒಂದೇ ಫೈಲಾಗಿ ಕಟ್ಟಿ) ಎತ್ತಿಡಿ.

ಉಬುಂಟುವಿನಲ್ಲಿ ವರ್ಕರ್‌ಗಳು (ವಿನಂತಿ ನಿಭಾಯಿಸುವ ಪ್ರಕ್ರಿಯೆಗಳು) ಓಡುವುದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬಳಕೆದಾರನಾಗಿ, ಅಧಿಕೃತ ರೆಪೊದ ಪ್ಯಾಕೇಜ್‌ನಲ್ಲಿ 'ಎಂಜಿನ್‌ಎಕ್ಸ್' ಎಂಬ ಬಳಕೆದಾರನಾಗಿ. ಎಂಜಿನ್‌ಎಕ್ಸ್ ಪಿಎಚ್‌ಪಿ ಜೊತೆ ಮಾತಾಡುವ ಸಾಕೆಟ್ ಫೈಲ್ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾದ್ದು, ಅನುಮತಿ 0660. ಹಾಗಾಗಿ ಬದಲಾಯಿಸಿದ ಮರುಕ್ಷಣ ತಾಣದ ತುಂಬ 502 (ಬ್ಯಾಡ್ ಗೇಟ್‌ವೇ) ತಪ್ಪು. ಎರರ್ ಲಾಗ್‌ನಲ್ಲಿ '13: ಪರ್ಮಿಷನ್ ಡಿನೈಡ್' ಇರುತ್ತದೆ. ಮುಖ್ಯ ಕಾನ್ಫಿಗ್‌ನ 'ಯೂಸರ್' ಸಾಲನ್ನು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಮಾಡಿದರೆ ಮುಗಿಯಿತು. ಸಾಕೆಟ್‌ನ ಅನುಮತಿಯನ್ನು 0666 (ಎಲ್ಲರಿಗೂ ತೆರೆದದ್ದು) ಮಾಡಿ ಎನ್ನುವ ಸಲಹೆ ಕಂಡರೆ ಪುಟ ಮುಚ್ಚಿಬಿಡಿ.

ಅವರ ಕಾನ್ಫಿಗ್‌ನಲ್ಲಿ ಸೈಟ್ಸ್-ಎನೇಬಲ್ಡ್ ಇಲ್ಲ, ಕಾನ್ಫ್.ಡಿ ಮಾತ್ರ. ಡಿಪಿಕೆಜಿ 'ಹಳೆಯದನ್ನು ಇಟ್ಟುಕೊಳ್ಳಲಾ, ಹೊಸದನ್ನು ಹಾಕಲಾ' ಎಂದು ಕೇಳಿದಾಗ ಎನ್ ಒತ್ತಿ ಹಳೆಯದನ್ನೇ ಇಟ್ಟುಕೊಳ್ಳಿ. ಆದರೆ ಆ ಹಳೆಯ ಫೈಲ್ ಮಾಡ್ಯೂಲ್ಸ್-ಎನೇಬಲ್ಡ್ ಫೋಲ್ಡರನ್ನೂ ಓದುತ್ತದೆ, ಅಲ್ಲಿ ಉಬುಂಟು ಮಾಡ್ಯೂಲ್‌ಗಳ ಕೊಂಡಿ ಉಳಿದಿದ್ದರೆ ತೆಗೆಯಿರಿ. ಸ್ನಿಪೆಟ್ಸ್ ಫೋಲ್ಡರಿನ ಫಾಸ್ಟ್‌ಸಿಜಿಐ-ಪಿಎಚ್‌ಪಿ ಫೈಲ್ ಉಬುಂಟು-ಡೆಬಿಯನ್‌ನವರದು. ಅದು ಕಾಣೆಯಾಗಿದ್ದರೆ ಎತ್ತಿಟ್ಟ ಟಾರ್‌ನಿಂದ ವಾಪಸ್ ಹಾಕಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ತಾನಾಗಿ ಹಾಕುವುದು ಉಬುಂಟುವಿನ ಭದ್ರತಾ ರೆಪೊದ ಅಪ್‌ಡೇಟ್ ಮಾತ್ರ. ಹೊರಗಿನ ರೆಪೊದಿಂದ ಬಂದ ಎಂಜಿನ್‌ಎಕ್ಸ್ ಅದರ ಪಟ್ಟಿಯಲ್ಲಿಲ್ಲ. ನೀವೇ ಒರಿಜಿನ್ಸ್-ಪ್ಯಾಟರ್ನ್‌ಗೆ ಸೇರಿಸಬೇಕು, ಇಲ್ಲವೇ ಕೈಯಾರೆ ಎಪಿಟಿ ಅಪ್‌ಗ್ರೇಡ್ ಓಡಿಸುತ್ತಿರಬೇಕು.

ಹೊಸಸರ್ವರ್:

ಇಷ್ಟು ವಿವರಕ್ಕೆ ಧನ್ಯವಾದ. ಎರಡು ಅನುಮಾನ. ಒಂದು, ಅಧಿಕೃತ ರೆಪೊಗೆ ಹೋದರೆ ಉಬುಂಟುವಿನ ಬ್ರಾಟ್ಲಿ ಮಾಡ್ಯೂಲ್ ಅದರ ಜೊತೆ ಓಡುತ್ತದಾ? ಎರಡು, ಆನ್‌ಲೈನ್ ಸ್ಕ್ಯಾನರ್ ಒಂದು "1.24.0, ಹಳೆಯದು, ಭದ್ರತಾ ದೋಷವಿದೆ" ಎಂದು ಕೆಂಪು ಬಣ್ಣದಲ್ಲಿ ತೋರಿಸುತ್ತಿದೆ. ಕಂಪೈಲ್ ಮಾಡಿ ಹೊಸತಕ್ಕೆ ಹೋಗಲು ಅದೇ ಕಾರಣ ಸಾಕಲ್ಲವೇ?

ಪೋರ್ಟ್443:

ಓಡುವುದಿಲ್ಲ. ಎಪಿಟಿಯೇ ಬಿಡುವುದಿಲ್ಲ, ಯಾಕೆಂದರೆ ಆ ಮಾಡ್ಯೂಲ್ ಉಬುಂಟು ಎಂಜಿನ್‌ಎಕ್ಸ್‌ನ ನಿರ್ದಿಷ್ಟ ಎಬಿಐಗೆ (ಬೈನರಿಗಳು ಒಂದಕ್ಕೊಂದು ಹೊಂದುವ ಕರಾರಿಗೆ) ಕಟ್ಟುಬಿದ್ದಿದೆ. ಡಾಟ್ ಎಸ್‌ಒ ಫೈಲನ್ನು ಕೈಯಿಂದ ನಕಲು ಮಾಡಿದರೂ ಎಂಜಿನ್‌ಎಕ್ಸ್ 'ವರ್ಷನ್ 1024000 ಇನ್‌ಸ್ಟೆಡ್ ಆಫ್ 1028000' ಎಂದು ಎದ್ದೇಳದೆ ಕೂರುತ್ತದೆ. ಮೊದಲ ಸಂಖ್ಯೆ ಮಾಡ್ಯೂಲಿನದು, 1.24.0. ಎರಡನೆಯದು ಓಡುತ್ತಿರುವುದರದು, 1.28.0.

ಇಲ್ಲಿ ಮಾತ್ರ ಸ್ವಲ್ಪ ಕಂಪೈಲ್ ಬೇಕು. ಅದೂ ಮಾಡ್ಯೂಲ್ ಒಂದನ್ನೇ, ಸರ್ವರನ್ನಲ್ಲ. 2016ರ 1.9.11ರಿಂದ ಡೈನಮಿಕ್ ಮಾಡ್ಯೂಲ್ (ಬೇರೆಯಾಗಿ ಕಟ್ಟಿ ಸೇರಿಸುವ ಮಾಡ್ಯೂಲ್) ಸೌಲಭ್ಯ ಇದೆ. ಇನ್‌ಸ್ಟಾಲ್ ಆದ ಆವೃತ್ತಿಯದೇ ಸೋರ್ಸ್ ಟಾರ್ ಇಳಿಸಿ. ಕೊನೆಯ ಅಂಕಿಯೂ ಒಂದೇ ಇರಬೇಕು. ಬ್ರಾಟ್ಲಿ ಮಾಡ್ಯೂಲನ್ನು ಗಿಟ್‌ನಿಂದ ಕ್ಲೋನ್ ಮಾಡುವಾಗ 'ರಿಕರ್ಸ್-ಸಬ್‌ಮಾಡ್ಯೂಲ್ಸ್' ಮರೆಯಬೇಡಿ. ಮರೆತರೆ ಕಾನ್ಫಿಗರ್ 'ಬ್ರಾಟ್ಲಿ ಲೈಬ್ರರಿ ಇಲ್ಲ' ಎಂದು ನಿಲ್ಲುತ್ತದೆ. ಅದರ ಡೆಪ್ಸ್ ಒಳಗಿನ ಬ್ರಾಟ್ಲಿಯನ್ನು ಮೊದಲು ಸಿಮೇಕ್‌ನಿಂದ ಕಟ್ಟಬೇಕು, ಇಲ್ಲದಿದ್ದರೆ ಕೊನೆಯ ಲಿಂಕ್ ಹಂತದಲ್ಲಿ ಬ್ರಾಟ್ಲಿ ಎನ್‌ಕೋಡರ್ ಸಿಗಲಿಲ್ಲ ಎನ್ನುತ್ತದೆ. ಆಮೇಲೆ ಎಂಜಿನ್‌ಎಕ್ಸ್ ಸೋರ್ಸ್ ಫೋಲ್ಡರಿನಲ್ಲಿ:

./ಕಾನ್ಫಿಗರ್ --ವಿತ್-ಕಂಪ್ಯಾಟ್ --ಆಡ್-ಡೈನಮಿಕ್-ಮಾಡ್ಯೂಲ್=../ಎನ್‌ಜಿಎಕ್ಸ್_ಬ್ರಾಟ್ಲಿ
ಮೇಕ್ ಮಾಡ್ಯೂಲ್ಸ್

'ಮೇಕ್ ಇನ್‌ಸ್ಟಾಲ್' ಹೊಡೆಯಬೇಡಿ! ಆಬ್ಜ್ಸ್ ಒಳಗೆ ಬಂದ ಎರಡು .ಎಸ್‌ಒ ಫೈಲ್‌ಗಳನ್ನು ಮಾಡ್ಯೂಲ್ಸ್ ಫೋಲ್ಡರಿಗೆ ನಕಲು ಮಾಡಿ, ಕಾನ್ಫಿಗ್‌ನ ತಲೆಯಲ್ಲೇ, 'ಈವೆಂಟ್ಸ್' ಬ್ಲಾಕ್‌ಗೂ ಮೊದಲು, ಲೋಡ್_ಮಾಡ್ಯೂಲ್ ಸಾಲು ಹಾಕಿ. ಕೆಳಗೆ ಹಾಕಿದರೆ 'ಟೂ ಲೇಟ್' ಎನ್ನುತ್ತದೆ. 'ಬೈನರಿ ಕಂಪ್ಯಾಟಿಬಲ್ ಅಲ್ಲ' ಎಂಬ ತಪ್ಪು ಬಂದರೆ ಸಾಮಾನ್ಯವಾಗಿ ವಿತ್-ಕಂಪ್ಯಾಟ್ ಬಿಟ್ಟುಹೋಗಿದೆ ಎಂದು ಅರ್ಥ.

ಬೆಲೆ ಏನೆಂದರೆ, ರೆಪೊದಲ್ಲಿ 1.28.1 ಬಂದ ದಿನ ಈ ಮಾಡ್ಯೂಲ್ ಸತ್ತಿತು. ಮಾಡ್ಯೂಲ್ ಮತ್ತೆ ಕಟ್ಟದೆ ಅಪ್‌ಗ್ರೇಡ್ ಮಾಡಿದರೆ ಮುಂದಿನ ರೀಸ್ಟಾರ್ಟ್‌ನಲ್ಲಿ ಸರ್ವರ್ ಏಳುವುದಿಲ್ಲ. ಆದ್ದರಿಂದ 'ಎಪಿಟಿ-ಮಾರ್ಕ್ ಹೋಲ್ಡ್ ಎಂಜಿನ್‌ಎಕ್ಸ್' ಹಾಕಿ ಅಪ್‌ಗ್ರೇಡ್ ತಡೆಯಿರಿ. ಬಿಡಿಸುವುದು ಹೊಸ ಮಾಡ್ಯೂಲ್ ಸಿದ್ಧವಾದ ಮೇಲೆ. ನನ್ನನ್ನು ಕೇಳಿದರೆ ನಿಮ್ಮ ತಾಣಕ್ಕೆ ಬ್ರಾಟ್ಲಿ, ಎಚ್‌ಟಿಟಿಪಿ/3 ಎರಡರಲ್ಲಿ ಒಂದನ್ನು ಆರಿಸಿ. ಬರಹವೇ ಹೆಚ್ಚಿರುವುದರಿಂದ ಉಬುಂಟು ಪ್ಯಾಕೇಜ್ ಜೊತೆ ಬ್ರಾಟ್ಲಿ. ಎರಡೂ ಬೇಕೆಂದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಪ್ಯಾಚ್‌ಪುರಾಣ:

ಸ್ಕ್ಯಾನರ್ ಪ್ರಶ್ನೆಗೆ. ಆ ಸ್ಕ್ಯಾನರ್ ಓದುವುದು 'ಸರ್ವರ್' ಹೆಡರಿನಲ್ಲಿರುವ ಆವೃತ್ತಿ ಸಂಖ್ಯೆಯನ್ನು ಮಾತ್ರ. ಉಬುಂಟು, ಡೆಬಿಯನ್ ಆ ಸಂಖ್ಯೆ ಬದಲಿಸುವುದಿಲ್ಲ. ಹೊಸ ಆವೃತ್ತಿಯಲ್ಲಿ ಬಂದ ಭದ್ರತಾ ಪ್ಯಾಚನ್ನು ಮಾತ್ರ ಕತ್ತರಿಸಿ ತಂದು ಹಳೆಯದಕ್ಕೆ ಹೊಲಿಯುತ್ತಾರೆ. ಬದಲಾಗುವುದು ಪ್ಯಾಕೇಜ್ ಸಂಖ್ಯೆಯ ಬಾಲ: 1.24.0-2ಉಬುಂಟು7 ಇದ್ದದ್ದು 7.1 ಆಗುತ್ತದೆ, ಹೀಗೆ. ಹೊರಗಿನಿಂದ ನೋಡುವವರಿಗೆ ಅದೇ 1.24.0.

ಉದಾಹರಣೆಗೆ ಸಿವಿಇ-2024-7347 ಎಂಬ ಸಂಖ್ಯೆಯ ಭದ್ರತಾ ದೋಷ, ಎಂಪಿ4 ಮಾಡ್ಯೂಲಿನದು. ಮೂಲದಲ್ಲಿ ಸರಿಹೋದದ್ದು 1.26.2 ಮತ್ತು 1.27.1ರಲ್ಲಿ. 'ಎಪಿಟಿ ಚೇಂಜ್‌ಲಾಗ್ ಎಂಜಿನ್‌ಎಕ್ಸ್' ಹೊಡೆದು ಆ ಸಿವಿಇ ಸಂಖ್ಯೆ ಹುಡುಕಿ. ಇದ್ದರೆ ಸ್ಕ್ಯಾನರ್ ಸುಳ್ಳು, ಇಲ್ಲದಿದ್ದರೆ ಅಪ್‌ಡೇಟ್ ಹಾಕಿ. ಅಷ್ಟಕ್ಕೂ ಆ ದೋಷ ತಟ್ಟುವುದು ಕಾನ್ಫಿಗ್‌ನಲ್ಲಿ 'ಎಂಪಿ4' ಎಂಬ ಆದೇಶ ಇದ್ದವರಿಗೆ ಮಾತ್ರ. 'ಸರ್ವರ್_ಟೋಕನ್ಸ್ ಆಫ್' ಹಾಕಿದರೆ ಸಂಖ್ಯೆ ಮರೆಯಾಗುತ್ತದೆ, ಸ್ಕ್ಯಾನರ್ ಸುಮ್ಮನಾಗುತ್ತದೆ, ದೋಷವಿದ್ದರೆ ಅದು ಇದ್ದಲ್ಲೇ ಇರುತ್ತದೆ.

ಕಂಪೈಲ್ ಮಾಡಿದವರಿಗೆ ಇದೇ ವಿಷಯದಲ್ಲಿ ದೊಡ್ಡ ಗುಂಡಿ ಓಪನ್‌ಎಸ್‌ಎಸ್‌ಎಲ್, ಅಂದರೆ ಎಚ್‌ಟಿಟಿಪಿಎಸ್‌ಗೆ ಬೇಕಾದ ಗೂಢಲಿಪಿ ಗ್ರಂಥಾಲಯ. ಬಹಳ ಟ್ಯುಟೋರಿಯಲ್‌ಗಳು '--ವಿತ್-ಓಪನ್‌ಎಸ್‌ಎಸ್‌ಎಲ್=' ಎಂದು ಇಳಿಸಿದ ಓಪನ್‌ಎಸ್‌ಎಸ್‌ಎಲ್ ಸೋರ್ಸ್‌ನ ಫೋಲ್ಡರನ್ನು ಕೊಡಿಸುತ್ತವೆ. ಹಾಗೆ ಮಾಡಿದರೆ ಅದು ಬೈನರಿಯ ಒಳಗೇ ಸ್ಟ್ಯಾಟಿಕ್ ಆಗಿ ಬೆಸೆದುಕೊಳ್ಳುತ್ತದೆ. ನಾಳೆ ಉಬುಂಟು ತನ್ನ ಓಪನ್‌ಎಸ್‌ಎಸ್‌ಎಲ್‌ನ ಲಿಬ್‌ಎಸ್‌ಎಸ್‌ಎಲ್ ಪ್ಯಾಚ್ ಮಾಡಿದರೆ ಸಿಸ್ಟಂನ ಉಳಿದ ಎಲ್ಲವೂ ಸರಿಹೋಗುತ್ತವೆ, ನಿಮ್ಮ ಎಂಜಿನ್‌ಎಕ್ಸ್ ಒಂದನ್ನು ಬಿಟ್ಟು. 2014ರ ಏಪ್ರಿಲ್‌ನ ಓಪನ್‌ಎಸ್‌ಎಸ್‌ಎಲ್ ದೋಷ ಹಾರ್ಟ್‌ಬ್ಲೀಡ್‌ನಂಥದ್ದು ಬಂದಾಗ ಎಪಿಟಿ ಅಪ್‌ಗ್ರೇಡ್ ಹೊಡೆದು 'ಆಯಿತು' ಎಂದುಕೊಳ್ಳುವವರು ಸಿಕ್ಕಿಬೀಳುವುದು ಇಲ್ಲೇ. ನಿಮ್ಮದು ಹೇಗಿದೆ ಎಂದು ನೋಡಲು ಎಲ್‌ಡಿಡಿ ಕಮಾಂಡಿಗೆ ಎಂಜಿನ್‌ಎಕ್ಸ್ ಬೈನರಿಯ ಪೂರ್ತಿ ದಾರಿ ಕೊಡಿ. ಪಟ್ಟಿಯಲ್ಲಿ ಲಿಬ್‌ಎಸ್‌ಎಸ್‌ಎಲ್ ಕಾಣದಿದ್ದರೆ ಸ್ಟ್ಯಾಟಿಕ್.

ಪ್ಯಾಕೇಜ್ ಬಳಸುವವರೂ ಒಂದು ಗಮನಿಸಿ: ಲಿಬ್‌ಎಸ್‌ಎಸ್‌ಎಲ್ ಅಪ್‌ಡೇಟ್ ಆದಮೇಲೆ ರೀಲೋಡ್ ಸಾಲದು, ರೀಸ್ಟಾರ್ಟ್ ಬೇಕು. ರೀಲೋಡ್‌ನಲ್ಲಿ ಹೊಸ ವರ್ಕರ್‌ಗಳು ಹುಟ್ಟುವುದು ಹಳೆಯ ಮಾಸ್ಟರ್‌ನಿಂದ (ಮುಖ್ಯ ಪ್ರಕ್ರಿಯೆಯಿಂದ), ಅದರ ಮೆಮೊರಿಯಲ್ಲಿರುವುದು ಹಳೆಯ ಗ್ರಂಥಾಲಯ. ಮಾಸ್ಟರ್‌ನ ಪಿಐಡಿ (ಪ್ರಕ್ರಿಯೆ ಸಂಖ್ಯೆ) ಹಿಡಿದು /ಪ್ರಾಕ್ ಒಳಗಿನ 'ಮ್ಯಾಪ್ಸ್' ಫೈಲಿನಲ್ಲಿ ಲಿಬ್‌ಎಸ್‌ಎಸ್‌ಎಲ್ ಹುಡುಕಿ. ಸಾಲಿನ ಕೊನೆಗೆ 'ಡಿಲೀಟೆಡ್' ಅಂತಿದ್ದರೆ ಇನ್ನೂ ಹಳೆಯದೇ ಓಡುತ್ತಿದೆ.

ಮೇಕ್‌ಫೈಲ್_ಮಾರ:

ಎಲ್ಲರೂ ಸೇರಿ ಸೋರ್ಸ್ ಅಂದರೆ ಪಾಪ ಎನ್ನುವ ಹಾಗೆ ಮಾಡಿಬಿಟ್ಟಿರಿ. ಕಂಪೈಲ್ ಬೇಕಾಗುವ ಜಾಗಗಳೂ ಇವೆ: ಸ್ವಂತ ಪ್ಯಾಚ್ ಇದ್ದಾಗ, ಡೈನಮಿಕ್ ಆಗಿ ಕಟ್ಟಲು ಬಾರದ ಹಳೆಯ ಮಾಡ್ಯೂಲ್ ಬೇಕಾದಾಗ, ಓಪನ್‌ಎಸ್‌ಎಸ್‌ಎಲ್ ಬದಲು ಬೋರಿಂಗ್‌ಎಸ್‌ಎಸ್‌ಎಲ್ ಬೇಕಾದಾಗ, ಮೇಲ್, ಎಂಪಿ4, ಆಟೊಇಂಡೆಕ್ಸ್‌ನಂಥ ಬೇಡದ ಭಾಗಗಳು ಬೈನರಿಯಲ್ಲೇ ಇರಬಾರದು ಎಂಬ ನಿಯಮವಿದ್ದಾಗ. ಹೊಸಸರ್ವರ್ ಅವರಿಗೆ ಇದ್ಯಾವುದೂ ಇಲ್ಲ, ನಿಜ. ಆದರೆ ಮುಂದೆ ಓದುವವರಿಗಾಗಿ ಸರಿಯಾದ ಕ್ರಮ ಇಲ್ಲಿರಲಿ.

ಬೇಕಾದ ಪ್ಯಾಕೇಜ್‌ಗಳು ಬಿಲ್ಡ್-ಎಸೆನ್ಷಿಯಲ್, ಲಿಬ್‌ಪಿಸಿಆರ್‌ಇ2-ಡೆವ್, ಜೆಡ್‌ಲಿಬ್1ಜಿ-ಡೆವ್, ಲಿಬ್‌ಎಸ್‌ಎಸ್‌ಎಲ್-ಡೆವ್. ಹಳೆಯ ಬರಹಗಳಲ್ಲಿ ಲಿಬ್‌ಪಿಸಿಆರ್‌ಇ3-ಡೆವ್ ಎಂದಿರುತ್ತದೆ. ಹೆಸರಲ್ಲಿ 3 ಇದ್ದರೂ ಅದು ಹಳೆಯ ಪಿಸಿಆರ್‌ಇ, ಹೊಸದು 2. ಎಂಜಿನ್‌ಎಕ್ಸ್ 1.21.5ರಿಂದ ಪಿಸಿಆರ್‌ಇ2 ಗೊತ್ತು. ಡೆಬಿಯನ್ 13ರಲ್ಲಿ ಹಳೆಯದು ಸಿಗುವುದೇ ಇಲ್ಲ. ಟಾರ್ ಜೊತೆ .ಎಎಸ್‌ಸಿ ಸಹಿಯನ್ನೂ ಇಳಿಸಿ ಜಿಪಿಜಿಯಿಂದ ತಾಳೆ ನೋಡಿ.

ಕಾನ್ಫಿಗರ್ ಸಾಲನ್ನು ತಲೆಯಿಂದ ಬರೆಯಬೇಡಿ. ಪ್ಯಾಕೇಜ್ ಇನ್ನೂ ಇರುವಾಗಲೇ 'ಎಂಜಿನ್‌ಎಕ್ಸ್ -ವಿ' (ದೊಡ್ಡ ವಿ) ಹೊಡೆದು ಬಂದ ಆಯ್ಕೆಗಳನ್ನು ಒಂದು ಫೈಲಿಗೆ ಹಾಕಿ, ಅದನ್ನೇ ತಿದ್ದಿ ಬಳಸಿ. ಏನೂ ಕೊಡದಿದ್ದರೆ ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ) ಕೂಡ ಇರುವುದಿಲ್ಲ. ಆಗ 443ರ ಲಿಸನ್ ಸಾಲಿಗೇ 'ಎಸ್‌ಎಸ್‌ಎಲ್ ಮಾಡ್ಯೂಲ್ ಬೇಕು' ಎಂದು ನಿಲ್ಲುತ್ತದೆ. ಎಚ್‌ಟಿಟಿಪಿ/2, ರಿಯಲ್‌ಐಪಿ, ಸ್ಟಬ್_ಸ್ಟೇಟಸ್ ಎಲ್ಲವೂ ಕೇಳಿದರೆ ಮಾತ್ರ. ಸಿಸಿ-ಆಪ್ಟ್‌ನಲ್ಲಿ -ಓ2 ಮತ್ತು ರಕ್ಷಣೆಯ ಫ್ಲಾಗ್‌ಗಳು ಇರಲಿ. ನಕಲು ಮಾಡಿದ ಸಾಲಿನಲ್ಲಿ ತಾತ್ಕಾಲಿಕ ಫೈಲ್‌ಗಳ ಜಾಗ /ವಾರ್/ಕ್ಯಾಶ್/ಎಂಜಿನ್‌ಎಕ್ಸ್ ಎಂದಿದ್ದು ಆ ಫೋಲ್ಡರೇ ಇಲ್ಲದಿದ್ದರೆ ಮೊದಲ ಸ್ಟಾರ್ಟ್‌ನಲ್ಲೇ 'ಎಂಕೆಡಿಐಆರ್ ಫೇಲ್ಡ್' ಬರುತ್ತದೆ, ಕೈಯಿಂದ ಮಾಡಿ.

ಮುಂದಿನದು ಸೇವೆಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಂಡಿ. ಸೋರ್ಸ್ ಯಾವ ಸೇವಾ ಫೈಲನ್ನೂ ಕೊಡುವುದಿಲ್ಲ. ಸಿಗುವ ಮಾದರಿಗಳಲ್ಲಿ ಟೈಪ್ 'ಫೋರ್ಕಿಂಗ್', ಪಿಐಡಿ ಫೈಲ್ /ರನ್ ಒಳಗೆ ಎಂದಿರುತ್ತದೆ. ಆದರೆ ಬೇರೆ ಹೇಳದ ಬೈನರಿ ಅದನ್ನು ಬರೆಯುವುದು /ಯುಎಸ್‌ಆರ್/ಲೋಕಲ್/ಎಂಜಿನ್‌ಎಕ್ಸ್/ಲಾಗ್ಸ್ ಒಳಗೆ. ಆಗ ಆಗುವುದು ತಮಾಷೆ: ಸಿಸ್ಟಂಸಿಟಿಎಲ್ ಸ್ಟಾರ್ಟ್ ಹೊಡೆದರೆ ಟರ್ಮಿನಲ್ ಸುಮ್ಮನೆ ನಿಂತಿರುತ್ತದೆ, ತಾಣ ಮಾತ್ರ ತೆರೆಯುತ್ತಿರುತ್ತದೆ. 90 ಸೆಕೆಂಡ್ ಆದಮೇಲೆ ಸಿಸ್ಟಂಡಿ ಕಾದು ಸಾಕಾಗಿ ಚೆನ್ನಾಗಿ ಓಡುತ್ತಿದ್ದ ಎಂಜಿನ್‌ಎಕ್ಸನ್ನು ಕೊಲ್ಲುತ್ತದೆ. ಪಿಐಡಿ-ಪಾತ್ ಎರಡೂ ಕಡೆ ಒಂದೇ ಇಡಿ.

ಲಾಗ್ ಫೈಲ್‌ಗಳನ್ನು ಆಗಾಗ ತಿರುಗಿಸುವ ಲಾಗ್‌ರೊಟೇಟ್‌ನ ಫೈಲೂ ನೀವೇ ಬರೆಯಬೇಕು. ತಿರುಗಿಸಿದ ಮೇಲೆ ಮಾಸ್ಟರ್‌ಗೆ ಯುಎಸ್‌ಆರ್1 ಸಿಗ್ನಲ್ ಕಳಿಸದಿದ್ದರೆ ಅದು ಹೆಸರು ಬದಲಾದ ಹಳೆಯ ಫೈಲಿಗೇ ಬರೆಯುತ್ತಿರುತ್ತದೆ. ಟಿಎಲ್‌ಎಸ್ ಸರ್ಟಿಫಿಕೇಟ್ ತರುವ ಸರ್ಟ್‌ಬಾಟ್ ಬಳಸಿದರೆ ಕಾನ್ಫಿಗ್ ಮತ್ತು ಬೈನರಿಯ ಜಾಗ ತಿಳಿಸಲು 'ಎಂಜಿನ್‌ಎಕ್ಸ್-ಸರ್ವರ್-ರೂಟ್', 'ಎಂಜಿನ್‌ಎಕ್ಸ್-ಸಿಟಿಎಲ್' ಆಯ್ಕೆಗಳಿವೆ.

ಅಪ್‌ಗ್ರೇಡ್: 'ಮೇಕ್ ಇನ್‌ಸ್ಟಾಲ್' ನಿಮ್ಮ ಕಾನ್ಫಿಗ್ ಮುಟ್ಟುವುದಿಲ್ಲ, ಹಳೆಯ ಬೈನರಿಯನ್ನು ಎಂಜಿನ್‌ಎಕ್ಸ್.ಓಲ್ಡ್ ಎಂದು ಎತ್ತಿಡುತ್ತದೆ. ಆದರೆ ಓಡುತ್ತಿರುವುದು ಇನ್ನೂ ಆ ಹಳೆಯದೇ. ಈಗ -ವಿ ಹೊಡೆದರೆ ಡಿಸ್ಕ್‌ನಲ್ಲಿರುವ ಹೊಸ ಸಂಖ್ಯೆ ತೋರಿಸಿ ನಿಮ್ಮನ್ನು ಯಾಮಾರಿಸುತ್ತದೆ. ನಿಜ ಗೊತ್ತಾಗುವುದು /ಪ್ರಾಕ್‌ನಲ್ಲಿ ಮಾಸ್ಟರ್‌ನ 'ಎಕ್ಸಿ' ಕೊಂಡಿ ನೋಡಿದಾಗ, ಅದು ಎಂಜಿನ್‌ಎಕ್ಸ್.ಓಲ್ಡ್ ಕಡೆಗೇ ತೋರಿಸುತ್ತಿರುತ್ತದೆ. ರೀಲೋಡ್‌ನಿಂದ ಇದು ಬದಲಾಗದು. ಸೋರ್ಸ್ ಫೋಲ್ಡರಿನಲ್ಲೇ 'ಮೇಕ್ ಅಪ್‌ಗ್ರೇಡ್' ಹೊಡೆಯಿರಿ. ಅದು ಕಾನ್ಫಿಗ್ ಪರೀಕ್ಷಿಸಿ, ಯುಎಸ್‌ಆರ್2 ಕಳಿಸಿ ಹೊಸ ಮಾಸ್ಟರ್ ಎಬ್ಬಿಸಿ, ಹಳೆಯದಕ್ಕೆ ಕ್ವಿಟ್ ಹೇಳುತ್ತದೆ. ಇದ್ದ ಸಂಪರ್ಕಗಳು ಕಡಿಯುವುದಿಲ್ಲ. ತೆಗೆದುಹಾಕಲು 'ಮೇಕ್ ಅನ್‌ಇನ್‌ಸ್ಟಾಲ್' ಇಲ್ಲ, ಹುಡುಕಬೇಡಿ.

ಹಳೆಯ ಆವೃತ್ತಿಯನ್ನು ಹೊಸ ಡಿಸ್ಟ್ರೊದಲ್ಲಿ ಕಟ್ಟುವಾಗ ಸಣ್ಣ ಎಚ್ಚರಿಕೆಗೂ ಬಿಲ್ಡ್ ನಿಂತರೆ ಗಾಬರಿ ಬೇಡ. ಮೇಕ್‌ಫೈಲಿನಲ್ಲಿ ಎಚ್ಚರಿಕೆಗಳನ್ನೆಲ್ಲ ತಪ್ಪು ಎಂದು ಎಣಿಸುವ ಫ್ಲಾಗ್ ಇದೆ, ಹೊಸ ಜಿಸಿಸಿ ಹೊಸ ಎಚ್ಚರಿಕೆ ಕೊಡುತ್ತದೆ. ಫ್ಲಾಗ್ ತೆಗೆದರೆ ದಾಟುತ್ತದೆ, ಆದರೆ ಅಷ್ಟು ಹಳೆಯದನ್ನು ಯಾಕೆ ಕಟ್ಟುತ್ತಿದ್ದೀರಿ ಎಂದು ಮೊದಲು ಕೇಳಿಕೊಳ್ಳಿ.

ಡೀಮನ್_ದಾರಿ:

ಮಾರ ಹೇಳಿದ್ದಕ್ಕೆ ನನ್ನದೊಂದು ತಿದ್ದುಪಡಿ: ಅಷ್ಟೆಲ್ಲ ಮಾಡುವ ಬದಲು ಡೆಬ್ (ಉಬುಂಟು ಪ್ಯಾಕೇಜ್ ಫೈಲ್) ಕಟ್ಟಿ. ಉಬುಂಟು.ಸೋರ್ಸಸ್ ಫೈಲಿನ 'ಟೈಪ್ಸ್' ಸಾಲಿಗೆ ಡೆಬ್-ಎಸ್‌ಆರ್‌ಸಿ ಸೇರಿಸಿ ಅಪ್‌ಡೇಟ್ ಮಾಡಿ, 'ಎಪಿಟಿ ಬಿಲ್ಡ್-ಡೆಪ್ ಎಂಜಿನ್‌ಎಕ್ಸ್', 'ಎಪಿಟಿ ಸೋರ್ಸ್ ಎಂಜಿನ್‌ಎಕ್ಸ್'. ಡೆಬಿಯನ್ ಫೋಲ್ಡರಿನ ರೂಲ್ಸ್ ಫೈಲಿನಲ್ಲಿ ಬೇಕಾದ್ದು ತಿದ್ದಿ, ಡಿಸಿಎಚ್‌ನಿಂದ ಆವೃತ್ತಿಗೆ ನಿಮ್ಮದೊಂದು ಬಾಲ ಅಂಟಿಸಿ, ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ ಓಡಿಸಿ. ಸೇವಾ ಫೈಲ್, ಲಾಗ್‌ರೊಟೇಟ್, ಬಳಕೆದಾರ, ಫೋಲ್ಡರ್‌ಗಳು ಎಲ್ಲ ಉಬುಂಟುವಿನವೇ ಇರುತ್ತವೆ, ತೆಗೆಯುವುದೂ ಒಂದೇ ಕಮಾಂಡ್.

ಬೇರೆ ಯಂತ್ರದಲ್ಲಿ ಕಟ್ಟಿ ತರುವುದಾದರೆ ಅದೂ 24.04 ಆಗಿರಲಿ, ಕಂಟೇನರ್ ಆದರೂ ಸರಿ. 24.04ರಲ್ಲಿ ಕಟ್ಟಿದ್ದನ್ನು 22.04ಕ್ಕೆ ಒಯ್ದರೆ 'ಜಿಲಿಬ್‌ಸಿ 2.38 ಸಿಗಲಿಲ್ಲ' ಎನ್ನುತ್ತದೆ, ಅಲ್ಲಿರುವ ಆ ಸಿ ಗ್ರಂಥಾಲಯ 2.35. ಇನ್ನೊಂದು, -ಮಾರ್ಚ್=ನೇಟಿವ್ ಎಂಬ ಫ್ಲಾಗ್. ಬ್ರಾಟ್ಲಿ ಮಾಡ್ಯೂಲಿನ ಓದಿ-ನೋಡಿ ಫೈಲಿನ ಮಾದರಿ ಸಾಲಿನಲ್ಲೂ ಅದಿದೆ. ಕಟ್ಟಿದ ಯಂತ್ರದ ಪ್ರೊಸೆಸರ್‌ಗೆ ಮಾತ್ರ ಅರ್ಥವಾಗುವ ಸೂಚನೆಗಳು ಬೈನರಿಗೆ ಬೀಳುತ್ತವೆ. ವಿಪಿಎಸ್ ಬೇರೆ ಯಂತ್ರಕ್ಕೆ ಸ್ಥಳಾಂತರವಾದ ದಿನ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ಬೀಳಬಹುದು.

ಆಲ್ಮಾ, ರಾಕಿ ಲಿನಕ್ಸ್ ಬಳಸುವವರಿಗೆ: ಪ್ಯಾಕೇಜ್‌ನ ಬೈನರಿಗೆ ಎಸ್‌ಇಲಿನಕ್ಸ್ (ಭದ್ರತಾ ನಿಯಂತ್ರಣ ವ್ಯವಸ್ಥೆ) ಗುರುತು ಸರಿಯಾಗಿ ಬೀಳುತ್ತದೆ. /ಯುಎಸ್‌ಆರ್/ಲೋಕಲ್ ಒಳಗೆ ನೀವು ಕಟ್ಟಿದ್ದು ಯಾವ ಕಟ್ಟುಪಾಡೂ ಇಲ್ಲದೆ ಓಡುತ್ತದೆ. ಹೋಮ್ ಫೋಲ್ಡರಿನಲ್ಲಿ ಕಟ್ಟಿ ಎಂವಿ ಮಾಡಿದರೆ ಹೋಮ್‌ನ ಗುರುತೇ ಉಳಿದು ಸಿಸ್ಟಂಡಿ 203 ಎಂದು ನಿರಾಕರಿಸುತ್ತದೆ. ರಿಸ್ಟೋರ್‌ಕಾನ್ ಹೊಡೆಯಿರಿ.

ಹೊಸಸರ್ವರ್:

ಹಟ ಬಿಡಲಿಲ್ಲ, ಅಧಿಕೃತ ರೆಪೊದ ಸ್ಟೇಬಲ್‌ಗೆ ಹೋದೆ. ಬ್ರಾಟ್ಲಿ ಸದ್ಯ ಕೈಬಿಟ್ಟಿದ್ದೇನೆ, ಜಿಜಿಪ್ ಇದೆ. ಯೂಸರ್ ಸಾಲು ಬದಲಿಸಿದ್ದರಿಂದ 502 ಬರಲಿಲ್ಲ. ಆದರೆ ಎರಡು ಸರ್ವರ್ ಬ್ಲಾಕ್‌ಗಳಲ್ಲೂ 'ಲಿಸನ್ 443 ಕ್ವಿಕ್ ರೀಯೂಸ್‌ಪೋರ್ಟ್' ಹಾಕಿದರೆ 'ಡುಪ್ಲಿಕೇಟ್ ಲಿಸನ್ ಆಪ್ಷನ್ಸ್' ಎನ್ನುತ್ತಿದೆ. ಒಂದರಲ್ಲಿ ತೆಗೆದರೆ ಪರೀಕ್ಷೆ ಪಾಸ್, ಬ್ರೌಸರ್ ಮಾತ್ರ ಇನ್ನೂ ಎಚ್‌ಟಿಟಿಪಿ/2 ಅನ್ನೇ ತೋರಿಸುತ್ತಿದೆ.

ಪೋರ್ಟ್443:

ರೀಯೂಸ್‌ಪೋರ್ಟ್ ಒಂದು ವಿಳಾಸ-ಪೋರ್ಟ್ ಜೋಡಿಗೆ ಒಂದೇ ಸಲ ಇರಬೇಕು. ಇನ್ನೊಂದರಲ್ಲಿ ಬರೀ 'ಲಿಸನ್ 443 ಕ್ವಿಕ್' ಸಾಕು, ನೀವು ಮಾಡಿದ್ದು ಸರಿ. ಐಪಿವಿ6 ಸಾಲು ಬೇರೆ ಜೋಡಿ, ಅದಕ್ಕೊಂದು ರೀಯೂಸ್‌ಪೋರ್ಟ್ ಬೇಕು.

ಬ್ರೌಸರ್ ಮೊದಲ ಸಲ ಬರುವುದು ಸಾಮಾನ್ಯವಾಗಿ ಟಿಸಿಪಿ ಮೇಲೆಯೇ. ಎಚ್‌ಟಿಟಿಪಿ/3 ಇದೆ ಎಂದು ಅದಕ್ಕೆ ಹೇಳುವುದು ಆಲ್ಟ್-ಎಸ್‌ವಿಸಿ ಹೆಡರ್. ಆಡ್_ಹೆಡರ್‌ನಿಂದ ಎಚ್3, ಪೋರ್ಟ್ 443, ಅವಧಿ 86400 ಎಂದು ಕಳಿಸಿ. ಲೊಕೇಷನ್ ಬ್ಲಾಕಿನ ಒಳಗೆ ಬೇರೆ ಯಾವುದಾದರೂ ಆಡ್_ಹೆಡರ್ ಇದ್ದರೆ ಮೇಲಿನ ಹಂತದ್ದು ಅಲ್ಲಿಗೆ ಇಳಿಯುವುದಿಲ್ಲ, ಅಲ್ಲೂ ಮತ್ತೆ ಬರೆಯಬೇಕು. ಎಸ್‌ಎಸ್‌ಎಲ್_ಪ್ರೊಟೊಕಾಲ್ಸ್ ಸಾಲಿನಲ್ಲಿ ಟಿಎಲ್‌ಎಸ್ 1.3 ಇರಲೇಬೇಕು.

ಇದೆಲ್ಲ ಇದ್ದರೂ ಬರದಿದ್ದರೆ ಯುಡಿಪಿ ನೋಡಿ. ಎಚ್‌ಟಿಟಿಪಿ/3ಕ್ಕೆ ಆಧಾರವಾದ ಕ್ವಿಕ್ ಪ್ರೊಟೊಕಾಲ್ ಓಡುವುದು ಟಿಸಿಪಿ ಅಲ್ಲ, ಯುಡಿಪಿ 443ರ ಮೇಲೆ. ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯುನಲ್ಲಿ '443/ಟಿಸಿಪಿ' ಮಾತ್ರ ಒಳಬಿಟ್ಟಿದ್ದರೆ '443/ಯುಡಿಪಿ' ಕೂಡ ಒಳಬಿಡಿ. ವಿಪಿಎಸ್ ಕೊಡುವವರ ನಿಯಂತ್ರಣ ಪುಟದಲ್ಲಿ ಇನ್ನೊಂದು ಫೈರ್‌ವಾಲ್ ಇದ್ದರೆ ಅಲ್ಲೂ ಬಿಡಬೇಕು. ಅದಾದ ಮೇಲೆ ಬ್ರೌಸರ್‌ನ ಡೆವಲಪರ್ ಕಿಟಕಿಯಲ್ಲಿ ಪ್ರೊಟೊಕಾಲ್ ಕಾಲಂ ತೆರೆದು ಪುಟವನ್ನು ಎರಡು ಸಲ ರಿಫ್ರೆಶ್ ಮಾಡಿ. ಮೊದಲನೆಯದಕ್ಕೆ ಎಚ್2, ಎರಡನೆಯದಕ್ಕೆ ಎಚ್3 ಬಂದರೆ ಸರಿ ಇದೆ.

ಹೊಸಸರ್ವರ್:

ಯುಡಿಪಿಯೇ. ಯುಎಫ್‌ಡಬ್ಲ್ಯುನಲ್ಲಿ ಬಿಟ್ಟಿದ್ದೆ, ನಿಯಂತ್ರಣ ಪುಟದಲ್ಲಿ ಬಿಟ್ಟಿರಲಿಲ್ಲ. ಈಗ ಎಚ್3 ಬಂತು.